ಇಂದೂಬಾಯಿಗೆ ಗಂಡ ಅದಾನೇನು?

ಬೆಳಗಿನ ಪಾಳಿ ಮುಗಿಸಿ, ಡಿಪೋದಲ್ಲಿ ಟಿಕೆಟ್ ಮಷಿನ್ ಒಪ್ಪಿಸಿ, ಇಂದೂ ಪುಣೆಯ ಯೆರವಡಾದ ತನ್ನ ಮನೆಯ ಮೆಟ್ಟಿಲು ಹತ್ತಬೇಕೆನ್ನುವಾಗ ಕೆಳಮನೆಯ ಮಾನಮ್ಮ ಬಾಗಿಲಲ್ಲೇ ಕಾದು ಕೂತಿದ್ದಳು. ಮುಂದೆ ಮೊರದ ತುಂಬ ಮೆಂತ್ಯದ ಸೊಪ್ಪು, ಒಂದು ಕಡ್ಡಿಯನ್ನೂ ಬಿಡಿಸಿರಲಿಲ್ಲ. ಏನೋ ಸುದ್ದಿ ಇದೆ ಎಂದು ಇಂದೂಗೆ ಅಷ್ಟರಲ್ಲೇ ಗೊತ್ತಾಯಿತು.

"ಇಂದೂಬಾಯಿ, ಒಬ್ಬಾಂವ ಬಂದಿದ್ದ ನೋಡ್ರಿ. ಬಿಳಿ ಅಂಗಿ, ಕೈಯಾಗ ಹೆಲ್ಮೆಟ್. ನಿಮ್ಮ ಬಗ್ಗೆ ಕೇಳಿದ."

"ನನ್ನ ಬಗ್ಗೆ? ಏನಂತ?"

"ಇಂದೂಬಾಯಿಗೆ ಗಂಡ ಅದಾನೇನು, ನೀವು ನೋಡಿರೇನು, ಇಲ್ಲೇ ಇರ್ತಿದ್ನೇನು ಅಂತ. ಎಲ್ಲಾ ಮರಾಠಿ ಒಳಗ."

"ನೀವೇನ್ ಹೇಳಿದ್ರಿ?"

ಮಾನಮ್ಮ ಈಗ ಸೊಪ್ಪಿಗೆ ಕೈ ಹಾಕಿದಳು. "ನಾ ಯಾಕ ಸುಳ್ಳು ಹೇಳ್ಲಿ? ಒಬ್ರು ಬಂದು ಹೋಗಿ ಮಾಡ್ತಿದ್ರು, ಗಂಡನೋ ಮತ್ಯಾರೋ ನನಗೇನ್ ಗೊತ್ತು ಅಂದೆ."

"ಅಲ್ಲ ಮಾನಮ್ಮ, ಮದುವಿ ಊಟಕ್ಕ ಬಂದಿದ್ರಿ!"

"ಬಂದಿದ್ದೆ. ಆ ಗದ್ದಲದಾಗ ಗಂಡನ ಮುಖ ಎಲ್ಲಿ ನೋಡ್ಲಿ, ಹೋಳಿಗಿ ನೋಡಿದೆ."

ಇಂದೂ ಮಾತು ಬೆಳೆಸದೆ ಮೇಲೆ ಹೋದಳು. ಬಾಗಿಲು ಹಾಕಿ, ಖಾಕಿ ಅಂಗಿಯನ್ನೂ ಬದಲಿಸದೆ ಮಂಚದ ಮೇಲೆ ಕೂತಳು. ಯಾರಿರಬಹುದು? ಅವಳ ಮನಸ್ಸಿಗೆ ಮೊದಲು ಬಂದ ಹೆಸರು ಧರ್ಮರಾಜ. ಎರಡನೆಯದು ಅವಳಿಗೇ ನಾಚಿಕೆ ತರುವಂಥದು: ರಾಜೀವ.

ಧರ್ಮರಾಜ ಅವಳ ಮೊದಲ ಗಂಡ. ಔಷಧಿ ಕಂಪನಿಯೊಂದರ ಮಾರಾಟದ ಕೆಲಸ, ತಿಂಗಳಲ್ಲಿ ಅರ್ಧದಷ್ಟು ದಿನ ಸೋಲಾಪುರದ ಕಡೆ ಓಡಾಟ. ಇಂದೂ ಹುಟ್ಟಿ ಬೆಳೆದದ್ದು ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗದಗ ಕಡೆಯವರು, ರೈಲ್ವೆ ನೌಕರಿಗೆಂದು ಬಂದು ಅಲ್ಲೇ ನಿಂತವರು. ಮದುವೆಯಾಗಿ ಮೂರನೆಯ ವರ್ಷ ತವರಿಗೆ ಹೋದವಳು, ಯಾರನ್ನೋ ರೈಲು ಹತ್ತಿಸಲು ದೌಂಡ ಜಂಕ್ಷನ್ನಿಗೆ ಹೋಗಿದ್ದಳು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಸೋಲಾಪುರದ ಗಾಡಿ ನಿಂತಿತ್ತು. ಕಿಟಕಿಯಲ್ಲಿ ಧರ್ಮರಾಜ. ಅವನ ತೊಡೆಯ ಮೇಲೆ ಒಂದು ಹುಡುಗಿ, ಪಕ್ಕದಲ್ಲಿ ಆ ಹುಡುಗಿಯ ತಾಯಿ. ಹುಡುಗಿ ತನ್ನ ಕೈಯಿಂದ ಅವನ ಬಾಯಿಗೆ ಪೇರಲಹಣ್ಣಿನ ಹೋಳು ಇಡುತ್ತಿತ್ತು. ಅವನು ಇಂದೂಳನ್ನು ನೋಡಿದ. ನೋಡಿದವನು ಮುಖ ತಿರುಗಿಸಲಿಲ್ಲ, ಹಣ್ಣನ್ನು ಅಗಿಯುತ್ತಲೇ ಇದ್ದ. ಗಾಡಿ ಹೊರಟಿತು.

ಆ ಸಂಬಂಧ ಕೋರ್ಟಿನಲ್ಲಿ ಕಡಿಯಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಇಂದೂ ಪುಣೆಗೆ ಬಂದು ಪರೀಕ್ಷೆ ಬರೆದು ಸಿಟಿ ಬಸ್ಸಿನ ಕಂಡಕ್ಟರ್ ಆದಳು. ಮನುಷ್ಯರನ್ನು ನಂಬದಿರುವುದಕ್ಕೇ ಸಂಬಳ ಕೊಡುವ ನೌಕರಿ ಎಂದು ಅವಳೇ ನಗುತ್ತಿದ್ದಳು. ಖರಾಡಿಯ ಬಸ್ಸು ಎಷ್ಟೇ ತುಂಬಿರಲಿ, ಯಾರು ಕಿಟಕಿಯಾಚೆ ಸುಮ್ಮನೆ ನೋಡುತ್ತಿದ್ದಾರೆ, ಯಾರು ಟಿಕೆಟ್ ತೆಗೆಯದೆ ನೋಡುತ್ತಿದ್ದಾರೆ ಎಂದು ಕತ್ತಿನ ವಾಲಿಕೆಯಲ್ಲೇ ಹೇಳಬಲ್ಲಳು.

ರಾಜೀವ ಸಿಕ್ಕಿದ್ದೂ ಅದೇ ಬಸ್ಸಿನಲ್ಲಿ. ನಗರ್ ರೋಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ, ಹುಬ್ಬಳ್ಳಿಯವನು. ಹೆಂಡತಿ ನೀಲಿಮಾ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದು ದಿನ ಬಾಗಿಲ ಬಳಿ ನಿಂತು ಫೋನಿನಲ್ಲಿ ತಾಯಿಯ ಜೊತೆ ಜೋರಾಗಿ ಕನ್ನಡ ಮಾತಾಡುತ್ತಿದ್ದವನಿಗೆ ಇಂದೂ, "ಅವ್ವಗ ಆಮ್ಯಾಲ ಮಾತಾಡ್ರಿ, ಮೊದಲ ಒಳಗ ಸರೀರಿ" ಎಂದಳು. ಅವನು ಬೆಚ್ಚಿ ಒಳಗೆ ಸರಿದ. ಆಮೇಲೆ ದಿನಾ ಅದೇ ಬಸ್ಸು. ಎರಡು ವರ್ಷ ಹೀಗೇ ನಡೆದ ಮೇಲೆ, ಜರ್ಮನಿಯಲ್ಲಿ ಕೆಲಸ ಸಿಗುವ ಹಂತಕ್ಕೆ ಬಂದಾಗ ಅವನು ಮದುವೆಯಾಗುತ್ತೀರಾ ಎಂದು ಕೇಳಿದ. ಇಂದೂ ಒಪ್ಪಲು ಮತ್ತಷ್ಟು ತಿಂಗಳು ಬೇಕಾಯಿತು. ಹುಬ್ಬಳ್ಳಿಗೆ ಹೋಗಿ ಅವನ ತಾಯಿಯನ್ನು ನೋಡಿದಳು, ಅಕ್ಕಪಕ್ಕದವರನ್ನು ಮಾತಾಡಿಸಿದಳು, ನೀಲಿಮಾಳ ತಮ್ಮನನ್ನೂ ಹುಡುಕಿ ಕೇಳಿದಳು. ಎಲ್ಲಿಯೂ ಒಂದು ಕೊಂಕು ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂಬುದೇ ಕೆಲವು ದಿನ ಅವಳನ್ನು ಕಾಡಿತು.

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಾಯಿತು, ಊಟ ಮನೆಯ ಮಾಳಿಗೆಯ ಮೇಲೆ. ಫೋಟೋ ಬೇಡವೆಂದಳು ಇಂದೂ. ಮೊದಲ ಮದುವೆಗೆ ದಪ್ಪ ಆಲ್ಬಮ್ ಇತ್ತು, ಅದರಿಂದ ಏನೂ ಆಗಲಿಲ್ಲ. ಎರಡನೆಯ ತಿಂಗಳಿಗೆ ರಾಜೀವ ಕಾಸೆಲ್ ಎಂಬ ಊರಿಗೆ ಹೊರಟ. ಇಂದೂ ಪುಣೆಯ ಕ್ಯಾಂಪ್ ಪ್ರದೇಶದ ಒಂದು ಕ್ಲಾಸಿಗೆ ಸೇರಿ, ಖರಾಡಿಯ ಐಟಿ ಕಂಪನಿಯವರ ಎಳೆಯ ಹೆಂಡತಿಯರ ಮಧ್ಯೆ ಕೂತು, ಜರ್ಮನ್ ಭಾಷೆಯ ಮೊದಲ ಪರೀಕ್ಷೆ ಪಾಸು ಮಾಡಿದಳು. ಕುಟುಂಬ ವೀಸಾಕ್ಕೆ ಅರ್ಜಿ ಹಾಕಿದಳು. ಇನ್ನೇನು ಉತ್ತರ ಬರಬೇಕು ಎನ್ನುವಾಗ ಈ ಹೆಲ್ಮೆಟ್ಟಿನ ಮನುಷ್ಯ.

ಸಂಜೆ ರಾಜೀವ ವಿಡಿಯೋ ಕಾಲ್ ಮಾಡಿದಾಗ ಅವಳು ಕುಶಲವನ್ನೂ ಕೇಳಲಿಲ್ಲ.

"ನನ್ನ ಬಗ್ಗೆ ವಿಚಾರಿಸಾಕ ಯಾರನ್ನರ ಕಳಿಸಿದ್ರೇನು?"

"ನಾನ? ಯಾಕ ಕಳಿಸ್ಲಿ?" ರಾಜೀವನ ಮುಖ ಸಣ್ಣದಾಯಿತು. ಆಮೇಲೆ ಯೋಚಿಸಿ ಹೇಳಿದ: "ಅದು ದೂತಾವಾಸದವರದಿರಬೇಕು, ಇಂದೂ. ಇಲ್ಲೂ ಒಬ್ಬರಿಗೆ ಹಂಗ ಆಗಿತ್ತು. ಮದುವಿ ಖರೇನೋ ಸುಳ್ಳೋ ಅಂತ ವಕೀಲರ ಕಡೆಯಿಂದ ತಪಾಸ ಮಾಡಸ್ತಾರ."

ಅವನು ಹೇಳುತ್ತಿದ್ದಾಗ ಇಂದೂ ಅವನ ಹಿಂದೆ ನೋಡುತ್ತಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಎರಡು ಚಹಾ ಕಪ್ಪುಗಳಿದ್ದವು.

"ಯಾರ್ ಬಂದಿದ್ರು?"

"ಎಲ್ಲಿ?"

"ಎರಡು ಕಪ್ ಅದಾವಲ್ಲ."

"ಓ, ಅದಾ? ಪುನೀತ ಬಂದಿದ್ದ. ನಮ್ಮ ವಾರ್ಡಿನಾಂವ."

ಒಂದು ಕ್ಷಣ ತಡವಾಗಿ ಬಂದ ಉತ್ತರ. ಬಸ್ಸಿನಲ್ಲಾಗಿದ್ದರೆ ಅವಳು ಅವನ ಮುಂದೆ ಕೈ ಚಾಚಿ ನಿಂತೇಬಿಡುತ್ತಿದ್ದಳು. ಇಲ್ಲಿ ಮಾತು ಬದಲಿಸಿದಳು.

ಹೆಲ್ಮೆಟ್ಟಿನ ಮನುಷ್ಯ ಅವಳ ವಾರದ ರಜೆಯ ದಿನ ಮತ್ತೆ ಬಂದ. ವಕೀಲರ ಕಚೇರಿಯವನೇ, ಪತ್ರ ತೋರಿಸಿದ. ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ, ಆದರೆ ಕಣ್ಣು ಮಾತ್ರ ಮೂಲೆಮೂಲೆಗೆ ಹೋಗಿಬರುತ್ತಿತ್ತು. ಮದುವೆಯ ಫೋಟೋ ಎಷ್ಟಿವೆ ಎಂದ. ಯಾರದೋ ಮೊಬೈಲಿನಲ್ಲಿ ತೆಗೆದವು ನಾಲ್ಕಾರು ಇದ್ದವು, ಒಂದರಲ್ಲಿ ರಾಜೀವನ ಕಣ್ಣು ಮುಚ್ಚಿತ್ತು. ಗಂಡನ ಬಟ್ಟೆ ಇವೆಯೇ ಎಂದ. ರಾಜೀವ ಇದ್ದಬದ್ದದ್ದನ್ನೆಲ್ಲ ಚಳಿಯ ದೇಶಕ್ಕೆ ಒಯ್ದಿದ್ದ. ಇಂದೂ ಕಪಾಟು ಜಾಲಾಡಿ ಒಂದು ಹಳೆಯ ಲುಂಗಿ ಹೊರತೆಗೆದಳು. ಆ ಮನುಷ್ಯ ಲುಂಗಿಯನ್ನು ನೋಡಿದ, ಅವಳ ಮುಖವನ್ನು ನೋಡಿದ, ಏನೋ ಬರೆದುಕೊಂಡ. ಹೋಗುವಾಗ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು, ಅಲ್ಲಿದ್ದ ಚಪ್ಪಲಿಗಳನ್ನೂ ಕಣ್ಣಿಂದ ಎಣಿಸಿದ. ಎಲ್ಲವೂ ಹೆಂಗಸಿನವೇ.

ಅವನು ಹೋದ ಮೇಲೆ ಇಂದೂ ಮನೆಯನ್ನು ಅವನ ಕಣ್ಣಿನಿಂದಲೇ ನೋಡಿದಳು. ನಿಜವಾಗಿಯೂ, ಈ ಮನೆಯಲ್ಲಿ ಗಂಡನೊಬ್ಬ ಎಲ್ಲಿದ್ದಾನೆ?

ಸಂಕ್ರಾಂತಿ ಕಳೆದ ಮೇಲೆ ಮುಂಬೈಯ ಜರ್ಮನ್ ದೂತಾವಾಸದಿಂದ ಸಂದರ್ಶನಕ್ಕೆ ಕರೆ ಬಂತು. ಅದೇ ದಿನ, ಅದೇ ಹೊತ್ತಿಗೆ ರಾಜೀವನಿಗೂ ಕಾಸೆಲ್‌ನ ವಿದೇಶಿಯರ ಕಚೇರಿಯಿಂದ ಕರೆ. ಇಬ್ಬರಿಗೂ ಅವೇ ಪ್ರಶ್ನೆ ಕೇಳಿ ಉತ್ತರ ಹೋಲಿಸಿ ನೋಡುತ್ತಾರಂತೆ. ರಾಜೀವ ದಿನಾ ಫೋನಿನಲ್ಲಿ ಅಭ್ಯಾಸ ಮಾಡಿಸತೊಡಗಿದ. "ಮದುವಿ ದಿನ ನೀ ಯಾವ ಸೀರಿ ಉಟ್ಟಿದ್ದಿ? ಹಸರು ಇಳಕಲ್ಲು, ಹೌದಲ್ಲ? ನಾ ಮಲಗೂದು ಬಾಗಲ ಕಡೆ, ಹೌದಲ್ಲ?" ಇಂದೂಗೆ ಇದು ಹಿಡಿಸಲಿಲ್ಲ. "ಖರೇ ಇದ್ದದ್ದನ್ನ ಯಾಕ ಬಾಯಿಪಾಠ ಮಾಡ್ಬೇಕ್ರಿ? ಕಳ್ಳರು ಮಾಡ್ತಾರ ಹಿಂಗ" ಎಂದಳು. ಅಷ್ಟರಲ್ಲಿ ಅವನ ಕಡೆ ಎಲ್ಲೋ ಕುಕ್ಕರ್ ಕೂಗಿತು. ರಾಜೀವ ಆಗ ತಾನೇ, ಆಸ್ಪತ್ರೆಯಿಂದ ಬಂದು ಬೂಟು ಬಿಚ್ಚುತ್ತಿದ್ದೇನೆ ಎಂದಿದ್ದ. ಬೂಟು ಬಿಚ್ಚುವವನ ಮನೆಯಲ್ಲಿ ಅನ್ನಕ್ಕಿಟ್ಟವರು ಯಾರು? ಕೇಳಲಿಲ್ಲ. ಕೇಳಿದರೆ ಮತ್ತೆ ಪುನೀತನೇ ಬರುತ್ತಾನೆಂದು ಅವಳಿಗೆ ಗೊತ್ತಿತ್ತು.

ದೂತಾವಾಸದಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತೀರಿ ಎಂದು ಮೊದಲೇ ಕೇಳಿದ್ದರು. ಮನೆಮಾತೇ ಇರಲಿ ಎಂದು ಇಂದೂ ಕನ್ನಡ ಎಂದಿದ್ದಳು. ಅದು ತಪ್ಪಾಯಿತೆಂದು ಒಳಗೆ ಹೋದ ಮೇಲೆ ತಿಳಿಯಿತು. ಫೋನನ್ನು ಹೊರಗೇ ಇಡಿಸಿಕೊಂಡು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಎದುರಿಗೆ ಕೂದಲು ಎತ್ತಿ ಕಟ್ಟಿದ ಚಿಕ್ಕ ವಯಸ್ಸಿನ ಜರ್ಮನ್ ಅಧಿಕಾರಿಣಿ; ಪಕ್ಕದಲ್ಲಿ ಉಡುಪಿ ಕಡೆಯ, ಮುಂಬೈಯಲ್ಲೇ ನೆಲೆಸಿದ ದುಭಾಷಿ ಹೆಂಗಸು. ಇಂದೂಳ ತಾಯಿ ಬದುಕಿದ್ದರೆ ಅಷ್ಟೇ ವಯಸ್ಸು. ಹಣೆಗೆ ಕುಂಕುಮ, ಪುಸ್ತಕದ ಕನ್ನಡ.

"ನೀವಿಬ್ಬರೂ ಮೊದಲು ಭೇಟಿಯಾದದ್ದು ಎಲ್ಲಿ?"

"ಬಸ್ಸಿನಾಗ್ರಿ."

"ಯಾರು ಪರಿಚಯ ಮಾಡಿಸಿದರು?"

"ಯಾರೂ ಇಲ್ಲರೀ. ಬಾಗಲದಾಗ ನಿಂತಿದ್ರು, ಒಳಗ ಸರೀರಿ ಅಂದೆ."

ದುಭಾಷಿ ಅದನ್ನು ಜರ್ಮನಿನಲ್ಲಿ ಹೇಳಿದಾಗ ಅಧಿಕಾರಿಣಿ ಬರೆಯುವುದನ್ನು ನಿಲ್ಲಿಸಿ ಒಮ್ಮೆ ತಲೆ ಎತ್ತಿದಳು. ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಮದುವೆಗೆ ಏನು ಸಿಹಿ, ಸಾಕ್ಷಿ ಹಾಕಿದವರು ಯಾರು, ಗಂಡನ ಮೊದಲ ಹೆಂಡತಿಯ ಹೆಸರೇನು, ಆಕೆ ಯಾವ ಕಾಯಿಲೆಯಿಂದ ಸತ್ತರು, ಗಂಡ ಗೊರಕೆ ಹೊಡೆಯುತ್ತಾರೆಯೇ, ಹುಬ್ಬಳ್ಳಿಯಲ್ಲಿ ಮಂಚದ ಯಾವ ಮಗ್ಗುಲಲ್ಲಿ ಮಲಗುತ್ತಾರೆ.

"ಹುಬ್ಬಳ್ಳಿಯೊಳಗ ಮಂಚ ಇಲ್ಲರೀ. ಎಲ್ಲಾರೂ ಪಡಸಾಲಿಯಾಗ ಹಾಸಿಗೊಂಡು ಸಾಲಾಗಿ ಮಲಗ್ತೇವಿ. ಅವರ ಅವ್ವ ನಡುವ."

ದುಭಾಷಿಯ ತುಟಿಯಲ್ಲಿ ನಗು ಬಂದು ಮಾಯವಾಯಿತು. ಇಂದೂಗೆ ಸ್ವಲ್ಪ ಧೈರ್ಯ ಬಂತು. ಆಗ ಮುಂದಿನ ಪ್ರಶ್ನೆ ಬಂತು.

"ಕಾಸೆಲ್‌ನಲ್ಲಿ ನಿಮ್ಮ ಗಂಡನ ಮನೆಯಲ್ಲಿ ಯಾರು ಯಾರು ವಾಸವಾಗಿದ್ದಾರೆ?"

"ಅವರೊಬ್ಬರ ಇರ್ತಾರ್ರಿ."

ಅಧಿಕಾರಿಣಿ ಮುಂದಿನ ಹಾಳೆ ತಿರುವಿ ಏನೋ ನೋಡಿದಳು. ಇನ್ನೊಮ್ಮೆ, ಮೆಲ್ಲಗೆ ಏನೋ ಕೇಳಿದಳು. ದುಭಾಷಿ ಹೆಂಗಸು ಅದನ್ನು ಕನ್ನಡದಲ್ಲಿ ಹೇಳುವ ಮೊದಲು ಇಂದೂಳ ಮುಖದಿಂದ ಕಣ್ಣು ಕೆಳಗಿಳಿಸಿದಳು.

"ಆ ಮನೆಯಲ್ಲಿ ಇನ್ನೊಬ್ಬ ಮಹಿಳೆಯೂ ಇದ್ದಾರೆ ಎಂಬುದು ನಿಮಗೆ ಗೊತ್ತಿದೆಯೇ?"

ಇಂದೂಗೆ ಕಿವಿಯಲ್ಲಿ ರೈಲು ಹೊರಟ ಸದ್ದು ಕೇಳಿಸಿತು. ಆ ಹೆಂಗಸು ಕಣ್ಣು ಇಳಿಸಿದ್ದನ್ನು ಅವಳು ಸಹಿಸಲಾರದೆ ಹೋದಳು. ಮರಾಠಿಯಲ್ಲೋ ಹಿಂದಿಯಲ್ಲೋ ಕೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಕುಂಕುಮವಿಟ್ಟ, ತಾಯಿಯ ವಯಸ್ಸಿನ, ತನ್ನದೇ ಭಾಷೆಯ ಹೆಂಗಸೊಬ್ಬಳು ತನ್ನ ಮೇಲೆ ಮರುಕ ಪಡುತ್ತಿದ್ದಾಳೆ!

"ಗೊತ್ತದ್ರಿ," ಎಂದಳು. "ಅವರ ಜೋಡಿ ಕೆಲಸ ಮಾಡಾಕಿ. ನಾನ ಇರಲಿ ಅಂತ ಹೇಳೇನಿ."

"ಆಗಲೇ ಒಬ್ಬರೇ ಎಂದಿರಲ್ಲ?"

"ಮನಿಯವರು ಒಬ್ಬರ ಅಂತ ಅಂದೆ."

"ಆ ಮಹಿಳೆಯ ಹೆಸರು?"

ಇಂದೂ ಬಾಯಿ ತೆರೆದಳು. ಇಲ್ಲದ ಟಿಕೆಟ್ಟಿಗಾಗಿ ಅಂಗಿಯ ಜೇಬು, ಪ್ಯಾಂಟಿನ ಜೇಬು, ಚೀಲದ ಒಳಗು ಹುಡುಕುವ ನೂರಾರು ಮಂದಿಯನ್ನು ಅವಳು ನೋಡಿದ್ದಳು. ಈಗ ಎದುರಿಗಿದ್ದ ಇಬ್ಬರೂ ತನ್ನನ್ನು ಹಾಗೇ ಕಾಯುತ್ತಿದ್ದಾರೆ.

"ನೆನಪಾಗ್ವಲ್ದ್ರಿ," ಎಂದಳು ಕೊನೆಗೆ.

ಪುಣೆಗೆ ವಾಪಸಾಗುವ ರೈಲಿನಲ್ಲಿ ಕೂತಾಗ ರಾಜೀವನ ಫೋನು ಬಂತು. ಗಾಡಿ ಘಾಟು ಹತ್ತುತ್ತಿತ್ತು, ಸುರಂಗ ಬಂದಾಗಲೆಲ್ಲ ಮಾತು ಕಡಿಯುತ್ತಿತ್ತು.

"ಇಂದೂ, ಮನ್ಯಾಗ ಯಾರದಾರ ಅಂತ ಕೇಳಿದ್ರು. ನಾ ಖರೇ ಹೇಳಿಬಿಟ್ಟೆ. ಸಿಂಧು ಅಂತ..." ಸುರಂಗ.

"...ಹಾಸನದ ಕಡಿಯಾಕಿ, ನಮ್ಮ ಆಸ್ಪತ್ರಿ ನರ್ಸ್. ಗಂಡ ಹೊಡೀತಾನಂತ ಒಂದು ಬ್ಯಾಗ್ ಹಿಡಕೊಂಡು ಬಂದು ನಿಂತ್ಲು. ದಸರಾದಿಂದ ಅದಾಳ. ಬ್ಯಾರೆ ರೂಮ್, ಇಂದೂ. ನಿನಗ ಹೇಳಿಲ್ಲ ಅಂತನೂ ಅವರಿಗೆ..." ಮತ್ತೆ ಸುರಂಗ. ಈ ಬಾರಿ ಬಹಳ ಹೊತ್ತು ಕತ್ತಲೆ.

ಬೆಳಕಿಗೆ ಬಂದಾಗ ಇಂದೂ ಹೇಳಿದಳು: "ನಾ ಗೊತ್ತದ ಅಂತ ಹೇಳೇನಿ. ನಾನ ಇರಲಿ ಅಂದೇನಿ ಅಂತ ಹೇಳೇನಿ."

"ಯಾಕ?" ಎಂದ ರಾಜೀವ.

"ನಿಮ್ಮ ಮಾನ ಉಳಸಾಕ. ನನ್ನದೂ."

"ನಾ ಖರೇ ಹೇಳಿದೆ, ನೀ ಸುಳ್ಳು ಹೇಳಿದಿ," ಎಂದು ರಾಜೀವ ತನ್ನಷ್ಟಕ್ಕೇ ಹೇಳಿಕೊಂಡಂತೆ ಹೇಳಿದ.

ಆ ಮಾತು ಅವಳಿಗೆ ಬೆಂಕಿ ಹಚ್ಚಿತು. ಎದುರಿನ ಸೀಟಿನವರು ನೋಡುತ್ತಿದ್ದರೂ ದನಿ ಏರಿಸಿದಳು. "ಸರಕಾರದವರಿಗೆ ಖರೇ ಹೇಳಿದ್ರಿ! ನನಗ್ಯಾಕ ಹೇಳ್ಲಿಲ್ಲ? ಎರಡು ಕಪ್ ನೋಡಿ ನಾ ಕೇಳಿದ್ದಿಲ್ಲ? ಪುನೀತ ಅಂದ್ರಿ."

"ಹೇಳಿದ್ರ ನೀ ಏನ್ ತಿಳಕೋತಿದ್ದಿ ಅಂತ ನನಗ ಗೊತ್ತಿತ್ತು. ನಿನಗ ಮೊದಲ ಆದದ್ದು..."

"ನಾ ಏನ್ ತಿಳಕೋತಿದ್ದೆ ಅನ್ನೂದನ್ನ ನಾ ತಿಳಕೊಂಡ ಮ್ಯಾಲ ನೋಡ್ಬೇಕಿತ್ತು. ನೀವು ಅದಕ್ಕೂ ಮೊದಲ ತೀರ್ಪು ಕೊಟ್ಟಬಿಟ್ರಿ." ಸುರಂಗ ಬರುವವರೆಗೆ ಕಾಯದೆ ಅವಳೇ ಫೋನು ಇಟ್ಟಳು.

ಆಮೇಲೆ ಅವನ ಕರೆಗಳನ್ನು ಅವಳು ಎತ್ತಲಿಲ್ಲ. ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಚಂದನನಗರದಲ್ಲಿ ಹತ್ತಿದ ಒಬ್ಬ ಮುದುಕರಿಗೆ ಎರಡು ಸಲ ಟಿಕೆಟ್ ಕೇಳಿದಳು. ಅವರು ಮೊದಲ ಸಲ ನಗುತ್ತಾ ತೋರಿಸಿದರು, ಎರಡನೆಯ ಸಲ ನಗಲಿಲ್ಲ. ಆ ಹುಬ್ಬಳ್ಳಿಯ ಅಕ್ಕಪಕ್ಕದವರು ತನಗೆ ಹೇಳಿದ್ದೆಲ್ಲ ನಿಜವೇ? ನೀಲಿಮಾಳ ತಮ್ಮ ಮಾತಾಡುವಾಗ ಬಾಗಿಲ ಕಡೆ ಏಕೆ ನೋಡುತ್ತಿದ್ದ? ಒಂದು ಎಳೆ ಬಿಚ್ಚಿದರೆ ಹೊಲಿಗೆಯೆಲ್ಲ ಬಿಚ್ಚುತ್ತ ಹೋದಂತಾಯಿತು. ಮಾನಮ್ಮನಿಗೆ ಒಂದು ದಿನ ಎಲ್ಲವನ್ನೂ ಹೇಳಿದಳು. ಮಾನಮ್ಮ ಕೇಳಿಸಿಕೊಂಡು, "ಆಕೀಗೇ ಫೋನ್ ಹಚ್ಚಿ ಕೇಳ್ರಲ್ಲ. ಗಂಡಸರನ್ನ ಕೇಳಿದ್ರ ಏನ್ ಬರ್ತದ?" ಎಂದಳು.

ರಾಜೀವನಿಗೆ ಒಂದೇ ಸಾಲಿನ ಸಂದೇಶ ಕಳಿಸಿ ಸಿಂಧುವಿನ ನಂಬರು ತರಿಸಿಕೊಂಡಳು. ಅವನ ಪಾಳಿ ಯಾವಾಗ ಎಂದು ಅವಳಿಗೆ ಗೊತ್ತಿತ್ತು. ಅವನು ಖಂಡಿತ ಆಸ್ಪತ್ರೆಯಲ್ಲಿರುವ ಹೊತ್ತು ನೋಡಿ, ಮುನ್ಸೂಚನೆ ಕೊಡದೆ ವಿಡಿಯೋ ಕಾಲ್ ಮಾಡಿದಳು. ಆ ಕಡೆ ಫೋನು ಎತ್ತಿದರು, ಆದರೆ ಪರದೆ ಕಪ್ಪಾಗಿಯೇ ಇತ್ತು.

"ಯಾರು?" ಹೆದರಿದ ಸಣ್ಣ ದನಿ.

"ನಾ ಇಂದೂ, ರಾಜೀವ ಅವರ ಹೆಂಡ್ತಿ. ಮುಖ ತೋರಿಸ್ರಿ."

"ನೀವು ಅವ್ರೇ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಇಂದೂ ತಬ್ಬಿಬ್ಬಾದಳು. ಇದನ್ನು ಕೇಳಬೇಕಾದವಳು ತಾನು!

"ಅಭಿಲಾಷ್ ಮಾಡ್ಸಿದ್ರಾ ಈ ಕಾಲ್?" ಆ ದನಿ ಮುಂದುವರಿಯಿತು. "ನಮ್ಮನೆಯವ್ರು. ಅವ್ರು ಹೀಗೇ ಬೇರೆ ಬೇರೆಯವರ ಕೈಲಿ ಫೋನ್ ಮಾಡ್ಸಿ ಅಡ್ರೆಸ್ ಕೇಳಿಸ್ತಾರೆ. ಹೋದ್ ತಿಂಗ್ಳು ಒಬ್ರು ನಮ್ಮ ಅತ್ತೆ ತರ ಮಾತಾಡಿದ್ರು."

ಇಂದೂ ತನ್ನ ಫೋನನ್ನು ಎತ್ತಿ ಹಿಡಿದು ಮುಖ ತೋರಿಸಿದಳು. ಸಾಲದೆಂದು ಎದ್ದು ಹೋಗಿ, ವಕೀಲರ ಕಡೆಯವನಿಗೆ ತೋರಿಸಿದ್ದ ಅದೇ ಲುಂಗಿಯನ್ನೂ, ಕಣ್ಣು ಮುಚ್ಚಿದ ರಾಜೀವನ ಫೋಟೋವನ್ನೂ ತೋರಿಸಿದಳು. ಆಗ ಪರದೆ ಬೆಳಗಿತು. ಮೂವತ್ತರ ಆಸುಪಾಸಿನ ಹುಡುಗಿ, ನಿದ್ದೆಗೆಟ್ಟ ಕಣ್ಣು.

"ಅಕ್ಕಾ, ನಾನು ಮೊದಲ್ನೇ ದಿನಾನೇ ಹೇಳ್ದೆ, ನಿಮ್ ಹೆಂಡ್ತಿಗೆ ಹೇಳ್ಬಿಡಿ ಅಂತ. ಆಮೇಲ್ ಹೇಳ್ತೀನಿ, ಆಮೇಲ್ ಹೇಳ್ತೀನಿ ಅಂದ್ರು. ತಪ್ಪು ಅವ್ರದ್ದೂ ಇದೆ, ನಂದೂ ಇದೆ. ನಾನು ಬೇರೆ ಕಡೆ ರೂಮ್ ನೋಡ್ತಿದೀನಿ. ಸಿಕ್ಕಿದ್ ತಕ್ಷಣ ಹೋಗ್ತೀನಿ."

"ಮನಿ ತೋರಿಸು," ಎಂದಳು ಇಂದೂ.

ಸಿಂಧು ಫೋನು ತಿರುಗಿಸಿದಳು. ಒಂದು ಕೋಣೆಯಲ್ಲಿ ರಾಜೀವನ ಹೊದಿಕೆ, ಇಂದೂ ಕಳಿಸಿದ ಕೌದಿ. ಇನ್ನೊಂದರಲ್ಲಿ ನೆಲಕ್ಕೆ ಹಾಸಿದ ಹಾಸಿಗೆ, ಬಿಚ್ಚದೆ ಇಟ್ಟ ಸೂಟ್‌ಕೇಸು. ಎಲ್ಲವೂ ಹೇಳಿದಂತೆಯೇ ಇತ್ತು. ಎಲ್ಲವೂ ಹೇಳಿದಂತೆಯೇ ಇದ್ದದ್ದು ಇಂದೂಗೆ ಮತ್ತೆ ಸಮಾಧಾನ ಕೊಡಲಿಲ್ಲ. ಆದರೆ ಕಪ್ಪು ಪರದೆಯ ಹಿಂದಿನಿಂದ ಬಂದ ಆ ಮೊದಲ ದನಿ ಇತ್ತಲ್ಲ, ಅದನ್ನು ಯಾರೂ ಕಲಿತು ಆಡಲಾರರು ಎನಿಸಿತು.

"ನೀ ಎಲ್ಲೂ ಹೋಗಬ್ಯಾಡ," ಎಂದಳು. "ನಾ ಬರೂತನಕ ಅಲ್ಲೇ ಇರು. ನೀ ಹ್ವಾದ ಮ್ಯಾಲ ನಾ ಬಂದ್ರ ನನಗೇನೂ ತಿಳ್ಯಂಗಿಲ್ಲ."

ದೂತಾವಾಸದಿಂದ ಎರಡನೆಯ ಕರೆ ಬಂತು. ಅದೇ ಕೋಣೆ, ಅದೇ ಇಬ್ಬರು. ಈ ಬಾರಿ ಬೇರೆ ಭಾಷೆ ಬೇಕೇ ಎಂದು ಇಂದೂಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಆ ಮಹಿಳೆಯ ವಿಷಯ ನಿಮಗೆ ಗೊತ್ತಿತ್ತು ಎಂದಿರಿ. ನಿಮಗೆ ಗೊತ್ತಿರಲಿಲ್ಲ ಎಂದು ನಿಮ್ಮ ಗಂಡ ಹೇಳಿದ್ದಾರೆ. ಯಾವುದು ನಿಜ?"

"ಅವರು ಹೇಳಿದ್ದು."

"ನೀವು ಸುಳ್ಳು ಹೇಳಿದಿರಿ?"

"ಹೇಳಿದೆ." ಇಂದೂ ದುಭಾಷಿಯ ಕಡೆ ನೋಡಿದಳು. "ಈ ಬಾಯಾರು ಕಣ್ಣು ಕೆಳಗ ಮಾಡಿದ್ರು. ಒಮ್ಮೆ ಒಬ್ಬಾಂವ ನನ್ನ ಮಳ್ಳ ಮಾಡಿ ಹೋಗ್ಯಾನ್ರಿ. ಮತ್ತೊಮ್ಮೆ ಮಳ್ಳಾಗೇನಿ ಅಂತ ಇಬ್ಬರ ಮುಂದ ಒಪ್ಪಿಕೊಳ್ಳೂದು ನನ್ನ ಕೈಲೆ ಆಗಲಿಲ್ಲ."

ದುಭಾಷಿ ಹೆಂಗಸು ಅನುವಾದಿಸಿದಳು. ತನ್ನ ಬಗ್ಗೆ ಹೇಳಿದ್ದನ್ನೂ ಬಿಡದೆ ಹೇಳಿದಳೆಂದು ಇಂದೂಗೆ ಅಧಿಕಾರಿಣಿಯ ನೋಟದಿಂದ ತಿಳಿಯಿತು.

"ಈಗ ನಿಮ್ಮ ಗಂಡನನ್ನು ನಂಬುತ್ತೀರಾ?"

"ಪೂರಾ ಇಲ್ಲರೀ."

"ಆದರೂ ಅವರ ಬಳಿ ಹೋಗಲು ಬಯಸುತ್ತೀರಾ?"

"ಹೋಗದ ನೋಡೂದು ಹೆಂಗ್ರಿ?"

ಅಧಿಕಾರಿಣಿ ಬಹಳ ಹೊತ್ತು ಬರೆದಳು. ಅವಳ ಮುಖದಲ್ಲಿ ಏನನ್ನೂ ಓದಲಾಗಲಿಲ್ಲ. ಎದ್ದು ಬರುವಾಗ ದುಭಾಷಿ ಹೆಂಗಸು, ಕೆಲಸದ ದನಿಯಲ್ಲದ ದನಿಯಲ್ಲಿ, "ಜಾಗ್ರತೆ ಮಾರಾಯ್ತಿ" ಎಂದಳು.

ಯುಗಾದಿಯ ಹೊತ್ತಿಗೆ ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ವೀಸಾ ಇತ್ತು. ಇಂದೂ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು, ಹೆಸರಿನ ಒಂದೊಂದು ಅಕ್ಷರ ಓದಿದಳು. ರಾಜೀವ ಫೋನಿನಲ್ಲಿ ಅತ್ತ. ಅವಳು ನೌಕರಿಗೆ ರಾಜೀನಾಮೆ ಕೊಡಲಿಲ್ಲ. ಸಂಬಳವಿಲ್ಲದ ರಜೆ ಹಾಕಿದಳು. ಮನೆಯ ಬೀಗದ ಕೈ ಮಾನಮ್ಮನಿಗೆ ಕೊಟ್ಟು, "ಯಾರರ ಬಂದು ಕೇಳಿದ್ರ ಈ ಸಲ ನೆಟ್ಟಗ ಹೇಳ್ರಿ" ಎಂದಳು.

ಕಾಸೆಲ್‌ನ ಸ್ಟೇಷನ್ನಿನಲ್ಲಿ ರಾಜೀವ ನಿಂತಿದ್ದ, ತೆಳ್ಳಗಾಗಿದ್ದ. ಅವಳ ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದ. ಮೂರನೆಯ ಮಹಡಿಯ ಮನೆಯ ಬಾಗಿಲನ್ನು ಸಿಂಧು ತೆರೆದಳು. ಇಂದೂ ಚಪ್ಪಲಿ ಬಿಟ್ಟು, ನೀರನ್ನೂ ಕುಡಿಯದೆ ಮೊದಲು ಕೋಣೆಗಳನ್ನು ನೋಡಿದಳು. ಸಿಂಧುವಿನ ಕೋಣೆಯ ಬಾಗಿಲಿಗೆ ಒಳಗಿನಿಂದ ಎರಡು ಚಿಲಕಗಳಿದ್ದವು, ಹೊಸವು. ಮರದ ಸಿಪ್ಪೆ ಇನ್ನೂ ಎದ್ದಿತ್ತು, ಹೊಡೆಯಲು ಬಾರದವರು ಹೊಡೆದ ಮೊಳೆಗಳು. ವಿಡಿಯೋದಲ್ಲಿ ಬಾಗಿಲ ಹಿಂಭಾಗ ಕಂಡಿರಲಿಲ್ಲ.

"ಇವು?" ಎಂದು ಕೇಳಿದಳು.

ಸಿಂಧು ನೆಲ ನೋಡಿದಳು. "ಬಂದ್ ಮೊದ್ಲಲ್ಲಿ ಹಾಕ್ಕೊಂಡೆ ಅಕ್ಕಾ. ರಾಜೀವ್ ಸರ್ ಒಳ್ಳೆಯವ್ರೇ. ಆದ್ರೂ ನಂಗೆ ಯಾರ್ ಮೇಲೂ..."

ರಾಜೀವ ಬಾಗಿಲಲ್ಲಿ ನಿಂತಿದ್ದ. ಆ ಚಿಲಕಗಳನ್ನು ಅವನು ಇದೇ ಮೊದಲು ನೋಡುತ್ತಿದ್ದಾನೆಂದು ಅವನ ಮುಖ ಹೇಳುತ್ತಿತ್ತು. ಆ ಕೋಣೆಯೊಳಗೆ ಅವನು ಕಾಲಿಟ್ಟೇ ಇರಲಿಲ್ಲ. ಇಂದೂ ಚಿಲಕವನ್ನು ಒಮ್ಮೆ ಹಾಕಿ ತೆಗೆದು ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಮೂರು ಜನಕ್ಕೆ ಚಹಾ ಇಟ್ಟಳು.

ಸಿಂಧು ಮುಂದಿನ ತಿಂಗಳು ಬೇರೆ ಊರಿಗೆ ಹೋದಳು, ಈಗಲೂ ಫೋನು ಮಾಡುತ್ತಾಳೆ. ಇಂದೂ ರಜೆಯನ್ನು ಒಮ್ಮೆ ಮುಂದುವರಿಸಿದಳು, ಎರಡನೆಯ ಸಲ ಯೋಚಿಸಿ ಯೋಚಿಸಿ ರಾಜೀನಾಮೆ ಕಳಿಸಿದಳು. ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ. ರಾಜೀವ ಈಗ ಕೇಳದಿದ್ದರೂ ಎಲ್ಲವನ್ನೂ ಹೇಳುತ್ತಾನೆ. ಟ್ರಾಮಿನಲ್ಲಿ ಪಕ್ಕದಲ್ಲಿ ಯಾರು ಕೂತಿದ್ದರು, ವಾರ್ಡಿನಲ್ಲಿ ಯಾವ ನರ್ಸ್ ಬಿಸ್ಕತ್ತು ಕೊಟ್ಟಳು, ಫೋನು ಬಂದದ್ದು ಯಾರದು.

"ಸಾಕ್ರಿ," ಎನ್ನುತ್ತಾಳೆ ಇಂದೂ, ಹಿಟ್ಟು ನಾದುತ್ತ. "ಇಷ್ಟೆಲ್ಲಾ ಯಾರ್ ಕೇಳಿದ್ರು?"

ಅವನು ಎದ್ದು ಚಹಾದ ಕಪ್ಪುಗಳನ್ನು ತೊಳೆಯತೊಡಗುತ್ತಾನೆ. ಅವಳು ಹಿಟ್ಟನ್ನು ಉಂಡೆ ಕಟ್ಟುತ್ತಾಳೆ. ಆಮೇಲೆ ತಲೆ ಎತ್ತದೆ ಕೇಳುತ್ತಾಳೆ: "ಯಾವ ಬಿಸ್ಕೀಟು?"